ಸಂಬಳದ ಕಬಡ್ಡಿಯ ಮೊದಲ ವರ್ಷ

ಆಡಿದ್ದು ಎಂಟು ಪಂದ್ಯ, ಸೋತದ್ದೂ ಎಂಟೇ. ನಡುವೆ ಒಂದೆರಡು ಗೆದ್ದಿದ್ದರೆ ಏನಾದರೂ ನೆಪ ಹೇಳಬಹುದಿತ್ತು. ಎಂಟಕ್ಕೆ ಎಂಟೂ ಸೋತಮೇಲೆ ಮುಚ್ಚಿಡಲು ಏನೂ ಉಳಿಯುವುದಿಲ್ಲ, ಅದೂ ಒಂದು ಸುಖವೇ. ಆ ತಂಡದ ಕ್ಯಾಪ್ಟನ್ ನಾನು, ಕೋಚೂ ನಾನೇ. ಬೈಯುವವರಿಗೆ ಎರಡು ಕಡೆ ಹುಡುಕಾಡುವ ತ್ರಾಸು ಇರಲಿಲ್ಲ.

ನಮ್ಮ ಕಡೆ ಹೆಂಗಸರಿಗೆ ಸಂಬಳ ಕೊಟ್ಟು ಕಬಡ್ಡಿ ಆಡಿಸಿದ್ದು ಅದೇ ಮೊದಲು. ಅಲ್ಲಿಯವರೆಗೆ ನಾವು ಆಡಿದ್ದೆಲ್ಲ ಒಂದು ಟ್ರೋಫಿಗೆ, ಒಂದು ಊಟಕ್ಕೆ. ಸಾಂಗ್ಲಿಯ ಒಬ್ಬ ಅರಿಶಿನ ವ್ಯಾಪಾರಿ ನಮ್ಮ ತಂಡವನ್ನು ತಗೊಂಡರು. ನಾವೆಲ್ಲ ಅವರನ್ನು ಸಾವಕಾರ್ರು ಅನ್ನುತ್ತಿದ್ದೆವು. ನಾನಾಗ ಮಿರಜಿನ ಒಂದು ಆಸ್ಪತ್ರೆಯಲ್ಲಿ ಒಗೆದ ಚಾದರ ಮಡಚುವ ಕೆಲಸಕ್ಕಿದ್ದೆ. ಮೂವತ್ತು ದಾಟಿತ್ತು, ಶಾಲೆಗೆ ಹೋಗುವ ಮಗಳಿದ್ದಳು, ಒಂದು ಮೊಣಕಾಲು ಆಗಲೇ ತಕರಾರು ತೆಗೆದಿತ್ತು. ಕಬಡ್ಡಿಗೆ ಸಂಬಳ ಅಂದಾಗ ನಂಬಿಕೆಯಾಗದೆ ಎರಡು ಸಲ ಕೇಳಿದೆ.

ತಂಡದ ಮುಖ್ಯ ರೇಡರ್, ಅಂದರೆ ಎದುರಿನವರ ಅಂಗಳಕ್ಕೆ ಒಬ್ಬಳೇ ನುಗ್ಗಿ ಮುಟ್ಟಿ ಬರುವವಳು, ನನ್ನ ನಾದಿನಿ. ಗಂಡನ ತಂಗಿ, ಅತ್ತಿಗೆ ಅನ್ನುವ ಬದಲು ನನ್ನನ್ನು ವೈನಿ ಅನ್ನುವವಳು. ಮಿರಜಿನ ಹತ್ತಿರದ ಆರಗದಲ್ಲಿ ನಮ್ಮದು ಒಂದೇ ಮನೆ, ಒಂದೇ ಒಲೆ. ನಾನು ಮದುವೆಯಾಗಿ ಬಂದಾಗ ಅವಳಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಅವಳಿಗೆ ಆಟ ಕಲಿಸಿದವಳೇ ನಾನು, ಆ ಜಂಬ ನನಗೆ ಇವತ್ತಿಗೂ ಇದೆ.

ನಮ್ಮ ತಂಡಕ್ಕೆ ಒಂದು ದೊಡ್ಡ ಆಸರೆಯಿತ್ತು. ಏಳು ಜನರೂ ಕನ್ನಡದವರು. ಟ್ರೋಫಿಯ ಕಾಲದಲ್ಲಿ ಸಾತಾರ, ಪುಣೆಯ ಕಡೆ ಆಡಲು ಹೋದಾಗ ನಾನು ಅಂಗಳದಲ್ಲಿ ಗಂಟಲು ಹರಿಯುವ ಹಾಗೆ ಕನ್ನಡದಲ್ಲಿ ಕೂಗುತ್ತಿದ್ದೆ. "ಎಡಗಾಲ ಮುಂದ ಇಡ್ತಾಳ, ಹಿಮ್ಮಡ ಹಿಡಿ!" "ಅಕಿ ದಮ್ಮ ಮುಗೀತು, ಸುತ್ತ ಹಾಕ್ರಿ!" ಎದುರಿನವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಅಷ್ಟರಲ್ಲಿ ನಾವು ಹಿಡಿದು ಕೆಡವಿರುತ್ತಿದ್ದೆವು. ಎಂಥಾ ಶಾಣ್ಯಾರು ನಾವು ಅಂತ ಬಸ್ಸಿನಲ್ಲಿ ಕೂತು ನಗುತ್ತಿದ್ದೆವು.

ಸಂಬಳದ ಪಂದ್ಯಗಳಲ್ಲಿ ನಮ್ಮೆದುರು ಆಡಿದವರೆಲ್ಲ ಸಾಂಗ್ಲಿ, ಮಿರಜು, ಜತ್ತು ಹೀಗೆ ಸುತ್ತಮುತ್ತಲಿನ ಹುಡುಗಿಯರು. ತಮ್ಮತಮ್ಮೊಳಗೆ ಚಟಪಟ ಮರಾಠಿ. ನಾನು ಎಂದಿನಂತೆ ಕೂಗಿದೆ. ಆದರೆ ಇಲ್ಲಿ ಏನೋ ವಿಚಿತ್ರ. ನಾನು ಹಿಮ್ಮಡ ಅನ್ನುವುದೇ ತಡ, ಆ ಕಾಲು ಹಿಂದೆ ಸರಿದಿರುತ್ತಿತ್ತು. ನಾದಿನಿಗೆ "ಬಲಕ್ಕ ಹೋಗ, ಅಲ್ಲಿ ನಿಂತಾಕಿ ಮೊಣಕಾಲ ನೂಸ್ತೈತಿ" ಅಂದರೆ ಬಲಗಡೆ ಮೂವರು ಕೈಕೈ ಹಿಡಿದು ಕಾದಿರುತ್ತಿದ್ದರು. ಮೂರನೆಯ ಪಂದ್ಯ ಸೋಲುವ ಹೊತ್ತಿಗೆ ನಮ್ಮಲ್ಲೇ ಗುಸುಗುಸು ಶುರುವಾಯಿತು: ಒಳಗಿನವರೇ ಯಾರೋ ನಮ್ಮ ಆಟವನ್ನು ಮಾರಿಕೊಳ್ಳುತ್ತಿದ್ದಾರೆ.

ನಾಲ್ಕನೆಯ ಪಂದ್ಯದ ಹಿಂದಿನ ದಿನ ಸಾಂಗ್ಲಿಯ ಬಸ್ ಸ್ಟ್ಯಾಂಡಿನಲ್ಲಿ ನಾದಿನಿಯನ್ನು ಕಂಡೆ. ಎದುರು ತಂಡದ ಮ್ಯಾನೇಜರ್ ಜೊತೆ ನಿಂತಿದ್ದಳು. ನನ್ನನ್ನು ನೋಡಿದವಳೇ ಮಾತು ನಿಲ್ಲಿಸಿ ಬಂದಳು.

"ಏನಂತ ಅವರು?"

"ಏನಿಲ್ಲ ವೈನಿ, ಸುಮ್ನ."

ಆ 'ಸುಮ್ನ' ನನ್ನ ಹಿಂದೆಯೇ ಮನೆಗೆ ಬಂತು. ಅವತ್ತಿನಿಂದ ಮನೆಯಲ್ಲಿ ನಮ್ಮಿಬ್ಬರದು ಅಗತ್ಯದಷ್ಟೇ ಮಾತು. ಅವಳು ರೊಟ್ಟಿ ಬಡಿದರೆ ನಾನು ಬೇಯಿಸುವುದು, ನಾನು ಬಡಿದರೆ ಅವಳು ಬೇಯಿಸುವುದು, ನಡುವೆ ಬರೀ ಹೆಂಚಿನ ಸಪ್ಪಳ. ನನ್ನ ಸಿಟ್ಟು ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. ಇದು ನಿಜವಾಗಿದ್ದರೆ ಅವಳನ್ನು ಯಾವ ತಂಡವೂ ಹತ್ತಿರ ಸೇರಿಸುವುದಿಲ್ಲ. ಗಂಡನಿಗೆ ನಾನು ಏನಂತ ಹೇಳಲಿ? ನಿನ್ನ ತಂಗಿ ಕಳ್ಳಿ ಅಂತಲೋ? ಹೇಳಿದ ಮೇಲೆ ಆ ಮನೆಯಲ್ಲಿ ಉಳಿಯುವವರು ಯಾರು?

ಆರನೆಯ ಪಂದ್ಯ ಸೋತ ಮರುದಿನ ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಊಟದ ಬಿಡುವಿನಲ್ಲಿ ಚಾದರದ ಗುಡ್ಡೆಯ ಹಿಂದೆ ನಿಂತು ಸಾವಕಾರ್ರಿಗೆ ಫೋನು ಹಚ್ಚಿದೆ. ಹೇಳಬೇಕಾದದ್ದು ಒಂದೇ ಮಾತು, ಆದರೆ ನಾಲಿಗೆ ಅಲ್ಲಿಗೆ ಹೋಗಲೊಲ್ಲದು. ಮೊದಲ ಪಂದ್ಯದಿಂದ ಶುರುಮಾಡಿ ಆರೂ ಪಂದ್ಯದ ಕಥೆ ಹೇಳಿದೆ, ಮೊಣಕಾಲಿನ ಕಥೆ ಹೇಳಿದೆ, ಕೊನೆಗೆ ಬಸ್ ಸ್ಟ್ಯಾಂಡಿನ ಮಾತಿಗೆ ಬಂದೆ. ಅವರು ಬೇಸತ್ತು, "ಕಡೀಕ ಯಾರಂತ ಹೇಳ್ರೆಲಾ" ಅಂದರು.

"ನಮ್ಮ ನಾದಿನಿ ಇರಬೇಕ್ರಿ. ಖಾತ್ರಿ ಇಲ್ಲ."

"ಖಾತ್ರಿ ಮಾಡ್ಕೊಂಡ ತಿಳಸ್ರಿ. ಕಡೀ ಮ್ಯಾಚಿನ ದಿವಸ ಎಲ್ಲಾರ ಮುಂದ ನಿಲ್ಲಿಸಿ ಹೊರಗ ಹಾಕ್ತೇನಿ."

ಫೋನು ಇಟ್ಟಮೇಲೆ ಡಬ್ಬಿ ತೆರೆದೆ. ಅದರಲ್ಲಿದ್ದದ್ದು ಅವಳು ಬೆಳಿಗ್ಗೆ ಮಾಡಿಕೊಟ್ಟ ಪಲ್ಯ. ಮತ್ತೆ ಮುಚ್ಚಿಟ್ಟು ಚಾದರ ಮಡಚಲು ಹೋದೆ.

ಏಳನೆಯ ಪಂದ್ಯದಲ್ಲಿ ಸೋಲಿನ ಜೊತೆಗೆ ನನ್ನ ಬೆರಳೂ ಉಳುಕಿತು. ಅದನ್ನು ತಿರುವಿದವಳು ಎದುರು ತಂಡದ ಕ್ಯಾಪ್ಟನ್, ಕವಲಾಪುರದ ಹುಡುಗಿ. ಪಾಪ, ಒಳ್ಳೆಯವಳು. ತನ್ನ ಅಜ್ಜಿ ಉಳುಕು ತೆಗೆಯುತ್ತಾಳೆ ಅಂತ ಬಿಡದೆ ಗಾಡಿಯ ಹಿಂದೆ ಕೂರಿಸಿಕೊಂಡು ಮನೆಗೆ ಕರೆದೊಯ್ದಳು. ಅಜ್ಜಿ ಕಟ್ಟೆಯ ಮೇಲೆ ಕೂತು ನನ್ನ ಬೆರಳು ಹಿಡಿದು ಒಮ್ಮೆಲೇ ಜಗ್ಗಿದಳು. "ಅಯ್ಯಯ್ಯೋ ಯವ್ವಾ, ಸತ್ತೆ!" ಅಂದೆ.

ಅಜ್ಜಿ ಕಣ್ಣರಳಿಸಿದಳು. "ನೀ ಕನ್ನಡದಾಕಿ ಏನ ಯವ್ವಾ? ಮೊದಲ ಹೇಳಬಾರದನ?" ಅಂದವಳೇ ಒಳಗೆ ತಿರುಗಿ ಮೊಮ್ಮಗಳಿಗೆ ಕೂಗಿದಳು: "ಏ ಹುಡುಗಿ, ಗ್ವಾಡಿ ಮಾಡದಾಗ ಸುಣ್ಣದ ಡಬ್ಬಿ ಐತಿ, ಅದರ ಹಿಂದ ಹಳೇ ಧೋತರದ ತುಂಡ ಐತಿ. ಎರಡೂ ತಗೊಂಡ ಬಾ."

"ಹೋ ಆಜಿ" ಅಂತ ಮರಾಠಿಯಲ್ಲಿ ಉತ್ತರ ಬಂತು. ಹಿಂದೆಯೇ ಸುಣ್ಣದ ಡಬ್ಬಿ ಬಂತು, ಧೋತರದ ತುಂಡೂ ಬಂತು.

ನಾನು ಆ ಹುಡುಗಿಯನ್ನೇ ನೋಡಿದೆ. "ನಿನಗ ಕನ್ನಡ ಬರತೈತೇನ?" ಅಂದೆ. ಅವಳು ನಾಚಿಕೊಂಡು ಮರಾಠಿಯಲ್ಲೇ ಹೇಳಿದಳು: ಮಾತಾಡಲು ಬರುವುದಿಲ್ಲ ಅಕ್ಕಾ, ತಿಳಿಯುವುದು ಮಾತ್ರ ಎಲ್ಲ ತಿಳಿಯುತ್ತದೆ. ತಮ್ಮ ತಂಡದಲ್ಲಿ ಅಂಥವರು ನಾಲ್ವರಿದ್ದಾರೆ, ಬೇರೆ ತಂಡಗಳಲ್ಲೂ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ನೀವು ಕೂಗುತ್ತಿದ್ದದ್ದು ನಮಗೆ ಭಾಳ ಉಪಯೋಗಕ್ಕೆ ಬಂತು ಅಂದಳು.

ನನ್ನ ಮೋರೆಗಿಷ್ಟು! ಸ್ವಂತ ಮಗಳಿಗೆ ದಿನಾ ಬೆಳಿಗ್ಗೆ ಕನ್ನಡದಲ್ಲಿ ಬೈಯುತ್ತೇನೆ, ಅವಳು ಮರಾಠಿಯಲ್ಲಿ ಎದುರುತ್ತರ ಕೊಡುತ್ತಾಳೆ. ತಿಳಿಯದೆ ಕೊಡುತ್ತಾಳೆಯೇ? ಮನೆಯಲ್ಲಿ ಕಣ್ಣೆದುರಿಗೆ ಇದ್ದದ್ದು ಮೈದಾನದಲ್ಲಿ ಹೊಳೆಯಲಿಲ್ಲ. ನಾನು ಗಟ್ಟಿಯಾಗಿ ನಗತೊಡಗಿದೆ, ನಗುತ್ತಲೇ ಅಳುವೂ ಬಂತು. ನಾದಿನಿ ಕಳ್ಳಿಯಲ್ಲ. ನಮ್ಮ ಹುಡುಗಿ ಕಳ್ಳಿಯಲ್ಲ. ಅಜ್ಜಿ ಬೆರಳಿನ ನೋವು ಅಂದುಕೊಂಡು "ಆತು ಆತು, ಸುಮ್ಕಾಗ" ಅಂತ ತಲೆ ಸವರಿದಳು.

ಅವರ ಅಂಗಳದಲ್ಲೇ ನಿಂತು ಸಾವಕಾರ್ರಿಗೆ ಫೋನು ಮಾಡಿದೆ. "ಅಕಿ ಅಲ್ರೀ ಸಾವಕಾರ್ರ. ನಾನರಿ."

ವಿಷಯ ಪೂರ್ತಿ ಕೇಳಿದ ಮೇಲೆ ಅವರು ಅಂದರು: "ಅಂದ್ರ ಏಳು ಮ್ಯಾಚ ನಿಮ್ಮ ಬಾಯಿಗೆ ಸೋತೇವೇನ್ರಿ?"

"ಹೌದ್ರಿ."

ಬೈದರು. ಬೈಯಲಿ, ಎಷ್ಟು ಬೇಕಾದರೂ ಬೈಯಲಿ ಅನ್ನಿಸಿತು. ಕೊನೆಗೆ ಅವರೇ ದನಿ ಇಳಿಸಿ, "ನಮ್ಮ ಮೊಮ್ಮಕ್ಕಳೂ ಹಿಂಗ ಅದಾವ್ರಿ, ನನಗರ ಹೊಳೀಬಾರದ?" ಅಂದರು.

ಸಂಜೆ ಮನೆಗೆ ಬಂದು ಕವಲಾಪುರದ ಕಥೆಯನ್ನು ನಾದಿನಿಗೆ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡು ನಕ್ಕಳು. ಬಸ್ ಸ್ಟ್ಯಾಂಡಿನ ಗುಟ್ಟೂ ಹೊರಬಿತ್ತು. ಆ ಮ್ಯಾನೇಜರಿಗೆ ಪೊಲೀಸ್ ಭರತಿಯ ವಿಷಯ ಗೊತ್ತಿತ್ತಂತೆ, ಯಾವ ಯಾವ ಕಾಗದ ಬೇಕು ಅಂತ ಇವಳು ಕೇಳುತ್ತಿದ್ದಳಂತೆ. ಅಣ್ಣನಿಗೆ ತಿಳಿದರೆ ಬೇಡ ಅನ್ನುತ್ತಾನೆ ಅಂತ ನನಗೂ ಹೇಳಿರಲಿಲ್ಲ. ಆದರೆ ಸಾವಕಾರ್ರಿಗೆ ಅವಳ ಹೆಸರು ಹೇಳಿದ್ದನ್ನು ಮಾತ್ರ ನನಗೆ ಆಗ ಬಾಯಿಬಿಡಲು ಆಗಲಿಲ್ಲ.

ಕೊನೆಯ ಪಂದ್ಯವನ್ನು ತುಟಿ ಬಿಚ್ಚದೆ ಆಡಿದೆವು. ಬೆನ್ನಿಗೆ ಒಂದು ಏಟು ಅಂದರೆ ಮುಂದೆ ಹೋಗು, ಎರಡು ಅಂದರೆ ನಿಲ್ಲು. ಎರಡೇ ಪಾಯಿಂಟಿನಿಂದ ಸೋತೆವು. ಅಂದಮೇಲೆ ತಪ್ಪೆಲ್ಲ ನನ್ನ ಬಾಯಿಯದೇ ಆಗಿರಲಿಲ್ಲ, ನಾವು ಅಂಥಾ ಘನಂದಾರಿ ಆಟಗಾರ್ತಿಯರೂ ಆಗಿರಲಿಲ್ಲ. ಅದು ತಿಳಿದದ್ದೂ ಒಂದು ನೆಮ್ಮದಿಯೇ. ಸಾವಕಾರ್ರು ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿ ಕಳಿಸಿದರು.

ಮಿರಜಿನಿಂದ ಆರಗದ ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಇನ್ನು ಹೇಳದೆ ಇದ್ದರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿ, ಕಿಟಕಿಯ ಕಡೆ ನೋಡುತ್ತ ಹೇಳಿಬಿಟ್ಟೆ. "ನಾ ಸಾವಕಾರ್ರ ಮುಂದ ನಿನ್ನ ಹೆಸರ ಹೇಳಿದ್ದೆ. ನೀನ ಮಾರಕೊಂಡೀದಿ ಅಂತ."

ಅವಳು ಬಯ್ಯುತ್ತಾಳೆ, ಇಲ್ಲವೇ ಎದ್ದು ಬೇರೆ ಕಡೆ ಹೋಗಿ ಕೂರುತ್ತಾಳೆ ಅಂದುಕೊಂಡೆ.

"ನಾನೂ ಫೋನ ಹಚ್ಚಿದ್ದೆ ವೈನಿ" ಅಂದಳು.

"ಯಾರಿಗೆ?"

"ಸಾವಕಾರ್ರಿಗೆ. ನೀವು ಕೂಗಿದ್ದೆಲ್ಲಾ ಉಲ್ಟಾನ ಆಗ್ತಿತ್ತಲ್ರಿ. ನೀವ ರೊಕ್ಕ ತಿಂದೀರಿ ಅಂತ ನನಗ ಖಾತ್ರಿ ಆಗಿತ್ತು. ಆರನೇ ಮ್ಯಾಚಿನ ಮರುದಿವಸ, ಮಧ್ಯಾಹ್ನ ಊಟದ ಹೊತ್ತಿನ್ಯಾಗ ಹಚ್ಚಿದೆ. ಎಂಗೇಜ. ಮತ್ತ ಹಚ್ಚಿದೆ, ಮತ್ತೂ ಎಂಗೇಜ. ಅರ್ಧಾ ತಾಸ ಹಚ್ಚಿದೆ ನೋಡ್ರಿ. ಆಮ್ಯಾಲ ಧೈರ್ಯನ ಹೋತು."

ಆರನೆಯ ಪಂದ್ಯದ ಮರುದಿನ. ಊಟದ ಬಿಡುವು. ನಾನು ನಿಧಾನವಾಗಿ ಅವಳ ಕಡೆ ತಿರುಗಿದೆ. "ಆವಾಗ ಅವರ ಜೋಡಿ ನಾನ ಮಾತಾಡಾಕತ್ತಿದ್ದೆ" ಅಂದೆ.

ಅವಳು ಕಣ್ಣು ಕಿಸಿದು ನೋಡಿದಳು. ಆಮೇಲೆ ನನ್ನ ಹೆಗಲಿಗೆ ತಲೆ ಹಚ್ಚಿ, ಮೈಯೆಲ್ಲ ಅಲುಗುವ ಹಾಗೆ ನಗುತ್ತ, "ಛಲೋ ಆತ ಬಿಡ್ರಿ ವೈನಿ," ಅಂದಳು, "ನಿಮಗ ಫೋನಿನ್ಯಾಗೂ ಸಣ್ಣಂಗ ಮಾತಾಡಾಕ ಬರೂದಿಲ್ಲ."