ಎಸರಿಗೆ ಯಾವ ನೀರು

ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಅಣ್ಣನಿಗೂ ಇವೆ. ಇಬ್ಬರೂ ಮಸಗುಪ್ಪಿಯ ನಮ್ಮ ಹೊಲದ ಬೋರಿನ ನೀರು ಕುಡಿದು ಬೆಳೆದವರು. ಅದು ಉಜ್ಜಿದರೆ ಹೋಗುವ ಕಲೆಯಲ್ಲ. ಹಲ್ಲು ವಸಡಿನೊಳಗೆ ತಯಾರಾಗುವಾಗಲೇ ಫ್ಲೋರೈಡ್ ಅದರ ಮೇಲ್ಪದರವನ್ನು ಕೆಡಿಸಿರುತ್ತದೆ. ಇದು ನನಗೆ ತಿಳಿದದ್ದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವಾಗ.

ಗೋಕಾಕದಲ್ಲಿ ನೀರು ಪರೀಕ್ಷಿಸುವ ಕೆಲಸಕ್ಕೆ ಸೇರಿದ ಮೊದಲ ವಾರವೇ ಮನೆಯ ನೀರನ್ನು ಬಾಟಲಿಯಲ್ಲಿ ಒಯ್ದು, ಅದಕ್ಕೆ ಕೆಂಪು ದ್ರಾವಣ ಬೆರೆಸಿದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಕೆಂಪು ಮಾಸುತ್ತದೆ. ನಮ್ಮ ನೀರು ಮಿತಿಯನ್ನು ಚೆನ್ನಾಗಿಯೇ ದಾಟಿತ್ತು.

ಆಗ ಅಣ್ಣನ ಮಗಳಿಗೆ ಒಂದೂವರೆ ವರ್ಷ. ಅವಳ ಮುಂದಿನ ಶಾಶ್ವತ ಹಲ್ಲುಗಳು ವಸಡಿನೊಳಗೆ ಬೆಳೆಯುತ್ತಿದ್ದವು. ಇನ್ನು ಮೂರು ನಾಲ್ಕು ವರ್ಷ ಅವಳ ಹೊಟ್ಟೆಗೆ ಒಳ್ಳೆಯ ನೀರು ಹೋದರೆ ಅವು ನನ್ನ ಹಲ್ಲಿನಂತಾಗುವುದಿಲ್ಲ.

ಇದನ್ನು ಮನೆಯಲ್ಲಿ ಹೇಳಿದೆ. ಅಣ್ಣ ಮರುದಿನದಿಂದಲೇ ಬೈಕಿಗೆ ಕ್ಯಾನ್ ಕಟ್ಟಿಕೊಂಡು ಊರಿನ ಶುದ್ಧ ನೀರಿನ ಘಟಕದಿಂದ ಫಿಲ್ಟರ್ ನೀರು ತರತೊಡಗಿದ. ಕೆಲಸ ಮುಗಿಯಿತು ಅಂದುಕೊಂಡೆ. ತಿಂಗಳಾದ ಮೇಲೆ ಅಡಿಗೆಮನೆಯಲ್ಲಿ ಕೂತಾಗ ಗೊತ್ತಾಯಿತು, ಕ್ಯಾನಿನ ನೀರು ಲೋಟಕ್ಕೆ ಮಾತ್ರ. ಚಹಾ, ಬೇಳೆ, ಸಾರು ಎಲ್ಲ ಬೋರಿನ ನೀರಿನಲ್ಲೇ. ಜೋಳದ ಹಿಟ್ಟಿಗೆ ಸುರಿಯುವ ಕುದಿನೀರು, ಅಂದರೆ ಎಸರು, ಅದೂ ಬೋರಿನದೇ. ಕೂಸು ತಿನ್ನುತ್ತಿದ್ದದ್ದು ಬೇಳೆಯ ಕಟ್ಟಿನಲ್ಲಿ ಕಿವುಚಿದ ರೊಟ್ಟಿ.

"ಕುದಿಸಿದ ಮ್ಯಾಲ ಎಲ್ಲಾ ಸತ್ತ ಹೋಗತೈತಲ್ಲ?" ಎಂದರು ಅಣ್ಣನ ಹೆಂಡತಿ.

"ಇದು ಹುಳಾ ಅಲ್ರಿ ವೈನಿ, ಉಪ್ಪಿನಂಗ. ಕುದಿಸಿದರ ನೀರು ಹೋಗತೈತಿ, ಅದು ಅಲ್ಲೇ ಉಳಿತೈತಿ."

ವೈನಿ ಅಂದೇ ಬದಲಾಯಿಸಿದರು. ಫಿಲ್ಟರ್ ನೀರಿನಲ್ಲಿ ಬೇಳೆ ಬೇಗ ಬೆಂದದ್ದು ಅವರಿಗೆ ಇನ್ನೂ ಖುಷಿ. ಆದರೆ ರೊಟ್ಟಿಯ ಉಸಾಬರಿ ಅಜ್ಜಿಯದು. ಅವಳನ್ನು ನಾವು ಆಯಿ ಅನ್ನುತ್ತೇವೆ.

"ಆ ಮಷಿನ್ ನೀರಿಗೆ ಹಿಟ್ಟು ಕೈಗೆ ಅಂಟತೈತಿ. ರೊಟ್ಟಿ ಹರೀತಾವ. ನಾ ಒಲ್ಲೆ."

"ನೀರು ಬ್ಯಾರೆ ಆದ್ರ ಹಿಟ್ಟೂ ಬ್ಯಾರೆ ಆಗತೈತೇನ ಆಯಿ? ಅದೆಲ್ಲಾ ನಿನ್ನ ಮನಸಿನ್ಯಾಗ ಅಷ್ಟ."

ಹಾಗೆ ಅನ್ನಬಾರದಿತ್ತು. ಮುಂದಿನ ಒಂದು ವಾರವೂ ಆಯಿ ಬೋರಿನ ಎಸರಿನಲ್ಲೇ ರೊಟ್ಟಿ ಬಡಿದಳು.

ನನಗೆ ಗೊತ್ತಿದ್ದದ್ದು ಪರೀಕ್ಷೆಯ ದಾರಿ ಒಂದೇ. ಭಾನುವಾರ ಒಂದೇ ಬಗೆಯ ಎರಡು ಪಾತ್ರೆಗಳಲ್ಲಿ ಎಸರಿಟ್ಟೆ, ಒಂದರಲ್ಲಿ ಬೋರಿನದು, ಇನ್ನೊಂದರಲ್ಲಿ ಫಿಲ್ಟರಿನದು. ಯಾವುದು ಯಾವುದೆಂದು ಆಯಿಗೆ ಹೇಳಲಿಲ್ಲ. ಸುದ್ದಿ ಕೇಳಿ ಬಾಜೂ ಮನೆಯ ಕಾಕು ಮೆಂತ್ಯದ ಸೊಪ್ಪು ಸೋಸುತ್ತಲೇ ಬಂದು ಕೂತರು.

"ಏನ್ರೀ ಆಯಿ, ಮೊಮ್ಮಗಳು ಪರೀಕ್ಷಾ ಇಟ್ಟಾಳಂತ? ನೀವು ನಾಪಾಸ್ ಆದ್ರ ರೊಟ್ಟಿ ಯಾರು ಬಡಿಯಾವ್ರು?"

"ನೀ ಬಡಿಯಾಕ ಬಾ. ನಿನ್ನ ರೊಟ್ಟಿ ಚಪ್ಪಲಿಗೆ ಅಟ್ಟಿ ಹಾಕಾಕರೆ ಬರತಾವ."

ಆಯಿ ಮೊದಲ ಹಿಟ್ಟನ್ನು ನಾಲ್ಕು ಸಲ ನಾದಿ "ಇದು ಬೋರು" ಅಂದಳು. ಎರಡನೆಯದಕ್ಕೆ ಅಷ್ಟೂ ಬೇಕಾಗಲಿಲ್ಲ. "ಇದು ಮಷಿನ್ನು." ಅದೃಷ್ಟವಿರಬಹುದೆಂದು ಪಾತ್ರೆಗಳನ್ನು ಅದಲುಬದಲು ಮಾಡಿ ಇನ್ನೆರಡು ಸುತ್ತು ನಾದಿಸಿದೆ. ಆರಕ್ಕೆ ಆರೂ ಸರಿ. ಫಿಲ್ಟರ್ ಯಂತ್ರ ಫ್ಲೋರೈಡಿನ ಜೊತೆಗೆ ನೀರಿನ ಉಳಿದ ಲವಣಗಳನ್ನೂ ತೆಗೆಯುತ್ತದೆ ಎಂದು ನನಗೆ ಗೊತ್ತಿತ್ತು. ಅದು ಅಂಗೈಗೆ ತಿಳಿಯುತ್ತದೆ ಎಂದು ಗೊತ್ತಿರಲಿಲ್ಲ.

"ನಂದ ತಪ್ಪಾತು ಆಯಿ. ಹಿಟ್ಟು ಬ್ಯಾರೇನ ಆಗತೈತಿ."

ಕಾಕು ಸೊಪ್ಪು ಬಿಟ್ಟು ಚಪ್ಪಾಳೆ ತಟ್ಟಿದರು. ಆಯಿ ನಗಲಿಲ್ಲ.

"ಹಲ್ಲಿಂದು ಹೇಳಿದಿಯಲ್ಲ, ಅದು ಖರೆ ಏನ?"

"ಖರೆ ಆಯಿ."

"ಕಣ್ಣಿಗೆ ಕಾಣೂ ಹಿಟ್ಟಿನ ವಿಷಯದಾಗ ತಪ್ಪು ಹೇಳಿದಿ. ಕಾಣದಿರೂ ಹಲ್ಲಿನ ವಿಷಯದಾಗ ನಾ ಹೆಂಗ ನಂಬಬೇಕಾಗಿತ್ತು?"

ನಾನು ತಪ್ಪು ಒಪ್ಪಿಕೊಂಡದ್ದಕ್ಕೇ ಈಗ ನಂಬಿದಳೆಂದು ಕಾಣುತ್ತದೆ. ಆಯಿ ಉಳಿದ ಫಿಲ್ಟರ್ ನೀರನ್ನು ಮತ್ತೆ ಒಲೆಗೇರಿಸಿದಳು. ಎಸರು ಒಂಚೂರು ಕಡಿಮೆ, ಕುದಿ ಜಾಸ್ತಿ, ನಾದುವುದು ಇನ್ನೂ ಜಾಸ್ತಿ. ಮೊದಲ ನಾಲ್ಕು ರೊಟ್ಟಿ ಹರಿದವು. ಹಂಚಿನ ಮೇಲೆ ಬಿದ್ದ ತುಂಡುಗಳನ್ನು ನಾವು ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ಅಲ್ಲೇ ಮುಗಿಸಿದೆವು. ಐದನೆಯದು ಇಡಿಯಾಗಿ ಉಬ್ಬಿತು. ಆಯಿ ಅದನ್ನು ಕಾಕುವಿನ ಮುಂದೆ ಹಿಡಿದಳು. "ನೋಡ್ಕೋ, ಪಾಸು." ಸೋಮವಾರದಿಂದ ಬೋರಿನ ನೀರು ಸ್ನಾನಕ್ಕೆ, ಬಟ್ಟೆಗೆ ಮಾತ್ರ.

ಈಗ ಕೂಸಿಗೆ ಏಳು ವರ್ಷ. ಹೋದ ತಿಂಗಳು ಅವಳ ಮುಂದಿನ ಹೊಸ ಹಲ್ಲುಗಳು ಪೂರ್ತಿ ಬಂದವು. ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ, ಮೊಬೈಲಿನ ಟಾರ್ಚನ್ನೂ ಹಿಡಿದು, ಒಂದೊಂದನ್ನೇ ನೋಡಿದೆ. ಗೆರೆ ಇಲ್ಲ, ಚುಕ್ಕೆ ಇಲ್ಲ. ಇನ್ನೊಮ್ಮೆ ನೋಡಿದೆ.

"ಅತ್ತಿ, ಬಾಯಿ ನೋಯಾಕತ್ತೈತಿ, ಮುಚ್ಚಲಿ?"

"ನಿಂದರ," ಎಂದು ಆಯಿ ಕನ್ನಡಕ ಹಾಕಿಕೊಂಡು ಬಗ್ಗಿದಳು. "ಬೆಳ್ಳಗ ಅದಾವ, ಖರೆ. ಆದ್ರ ಒಂದು ಸೊಟ್ಟ ಬಂದೈತಲ್ಲ? ಅದಕ್ಕ ಯಾವ ನೀರು ಕುಡಿಸೂದು?"

"ಅದಕ್ಕ ನೀರಲ್ಲ ಆಯಿ. ದೊಡ್ಡಾಕಿ ಆದಮ್ಯಾಲ ಗೋಕಾಕದಾಗ ತಂತಿ ಹಾಕಸೂದು."

ತಂತಿ ಎಂಬ ಮಾತು ಕೇಳಿದ್ದೇ ಕೂಸು ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಮನೆಯ ಮುಂದಿನ ಕಬ್ಬಿನ ಹೊಲದ ಕಡೆ ಓಡಿತು.