ಸೋತವರ ಕಾಫಿ

ನಾನು ಇಂಗ್ಲೆಂಡ್ ಕಡೆಯವಳು. ಬಟವಾಡಿಯ ನಮ್ಮ ಬೀದಿಯಲ್ಲಿ ಇದನ್ನು ಕೇಳಿ ನಗದವರಿಲ್ಲ. ಆ ದೇಶ ನಾನು ನೋಡಿಲ್ಲ, ಆ ಭಾಷೆ ಬರುವುದಿಲ್ಲ. ಗುಬ್ಬಿಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದೇನೆ. ಟಿವಿಯ ಮೂಲೆಯಲ್ಲಿ ಬರುವ ಅಂಕಿ ಓದಲು ಅಷ್ಟು ಸಾಕು.

ಇದನ್ನು ಶುರು ಮಾಡಿದವರು ನಮ್ಮ ಮನೆಯವರು. ಅವರಿಗೆ ಚೌಕಾಬಾರದ ಹುಚ್ಚು. ಎದುರಿಗೆ ಒಬ್ಬರು ಕೂರದಿದ್ದರೆ ಅವರ ಲೆಕ್ಕಕ್ಕೆ ಅದು ಆಟವೇ ಅಲ್ಲ. ಮನೆಗೆ ಟಿವಿ ಬಂದು ಎಲ್ಲರೂ ಇಂಡಿಯಾ ಇಂಡಿಯಾ ಅಂತ ಕೂಗುತ್ತಿದ್ದಾಗ ನನ್ನ ಕಡೆ ತಿರುಗಿ, "ಎಲ್ಲಾ ಒಂದೇ ಕಡೆ ಕೂತ್ರೆ ಅದೇನೇ ಆಟ? ನೀನು ಆ ಕಡೆ ಕೂತ್ಕೊ" ಅಂದರು. ಅವತ್ತು ಆ ಕಡೆ ಇದ್ದದ್ದು ಇಂಗ್ಲೆಂಡು. ಚೌಕಾಬಾರದಲ್ಲಿ ಒಮ್ಮೆ ಕೂತ ಮನೆಯನ್ನು ಮಧ್ಯದಲ್ಲಿ ಬದಲಾಯಿಸುವಂತಿಲ್ಲ. ನಾನೂ ಬದಲಾಯಿಸಲಿಲ್ಲ.

ಆಟ ಮುಗಿದ ಮೇಲೆ ಸೋತವರು ಕಾಫಿ ಮಾಡಬೇಕು, ಗೆದ್ದವರು ಕಾಲು ಚಾಚಿ ಕುಡಿಯಬೇಕು. ಹುಣಸೆ ಬೀಜದ ಆಟಕ್ಕಿದ್ದ ಕಟ್ಟು ಕ್ರಿಕೆಟ್ಟಿಗೂ ಬಂತು. ಪಾಪ ಅಂತ ಬಿಡುವ ಹಾಗಿಲ್ಲ. ಜ್ವರ ಬಂದು ಮಲಗಿದ್ದ ದಿನವೂ ಅವರು ಬಿಡಲಿಲ್ಲ. "ಏಳೇ, ನಿಮ್ಮೋರು ಸೋತವ್ರೆ" ಅಂದರು. ಎದ್ದು ಮಾಡಿದೆ.

ಸೋಲುವುದರಲ್ಲಿ ನಮ್ಮ ಇಂಗ್ಲೆಂಡಿನವರಷ್ಟು ಬಗೆ ಬಲ್ಲವರನ್ನು ನಾನು ಕಂಡಿಲ್ಲ. ಸುಮ್ಮನೆ ನಿಂತರೆ ಉಳಿಯುವ ಆಟದಲ್ಲಿ ಬ್ಯಾಟು ಬೀಸಿ ಔಟಾಗುತ್ತಾರೆ. ಫುಟ್‌ಬಾಲನ್ನು ಬೆಳಿಗ್ಗೆ ಮತ್ತೆ ಹಾಕಿದಾಗ ನೋಡುತ್ತೇನೆ. ಅಲ್ಲಿ ಗೋಲಿನ ಮುಂದೆ ಚೆಂಡಿಟ್ಟು ಒದಿ ಅಂದರೆ ಆಕಾಶಕ್ಕೆ ಒದೆಯುತ್ತಾರೆ. ಅವರ ಹೆಣ್ಣುಮಕ್ಕಳ ಟೀಮು ವಾಸಿ, ಕಪ್ ತಂತು. ಗಂಡಸರು ಕೂತು ನೋಡಿ ಕಲಿಯಬಹುದಿತ್ತು. ಕ್ರಿಕೆಟ್ಟಿನ ದೊಡ್ಡ ಕಪ್ ಒಂದು ಸಲ ಇವರಿಗೆ ಬಂತು. ರನ್ನು ಸಮ ಆಯಿತು, ಇನ್ನೊಂದು ಓವರ್ ಆಡಿಸಿದರು, ಅದೂ ಸಮ. ಕೊನೆಗೆ ಬೌಂಡರಿ ಎಣಿಸಿ ಕೊಟ್ಟರು. ಬೆಳಿಗ್ಗೆ ನಮ್ಮ ಮನೆಯವರು, "ಹೆಂಗೋ ಗೆದ್ರಲ್ಲ, ಇವತ್ತು ಕಾಫಿ ನಂದು" ಅಂತ ಎದ್ದರು. "ಎಣಿಸಿ ಕೊಟ್ಟಿದ್ದು ಗೆಲುವಲ್ಲ, ಕೂತ್ಕೊಳ್ಳಿ" ಅಂದು ನಾನೇ ಮಾಡಿದೆ.

ಅವರು ತೀರಿಕೊಂಡ ಮೇಲೆ ಇಂಗ್ಲೆಂಡು ಸೋತ ಒಂದು ದಿನ ಅತ್ತುಬಿಟ್ಟೆ. ಇಂಗ್ಲೆಂಡಿಗಾಗಿ ಅಲ್ಲ. ಏಳೇ ಅನ್ನುವವರು ಇರಲಿಲ್ಲ, ಅದಕ್ಕೆ. ಕುಣಿಗಲ್‌ನಿಂದ ಬಂದಿದ್ದ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಅದನ್ನು ನೋಡಿಬಿಟ್ಟಳು. "ಬುಡಕ್ಕ, ಇನ್ಮೇಲೆ ಭಾವನ ಜಾಗದಲ್ಲಿ ನಾನ್ ಕೂತ್ಕೋತೀನಿ" ಅಂದಳು. ಕೂತಳು. ರೇಗಿಸುವುದರಲ್ಲಿ ಅವರಿಗಿಂತ ಒಂದು ಕೈ ಮೇಲು.

ಈ ವರ್ಷ ಆಷಾಢದಲ್ಲಿ ನನಗೆ ಕಣ್ಣಿನ ಪೊರೆ ತೆಗೆದರು. ಒಂದು ವಾರ ಟಿವಿ ನೋಡಬಾರದು, ಒಲೆ ಮುಂದೆ ನಿಲ್ಲಬಾರದು, ಅಳಬಾರದು ಅಂದರು ಡಾಕ್ಟರು. ಮಗ ಸೊಸೆ ಹಗಲು ಕೆಲಸಕ್ಕೆ ಹೋಗುವವರು. ಹೊತ್ತಿಗೊಂದು ಸಲ ಕಣ್ಣಿಗೆ ಹನಿ ಹಾಕಲು ಓರಗಿತ್ತಿ ಬಂದಳು. ಅದೇ ವಾರ ಇಂಗ್ಲೆಂಡಿನಲ್ಲಿ ಇಂಡಿಯಾದ ಟೆಸ್ಟು. ಕೊನೆಯ ದಿನ ನಮ್ಮ ಇಂಗ್ಲೆಂಡಿಗೆ ಇನ್ನೂ ಸ್ವಲ್ಪ ರನ್ನು ಬೇಕು, ಕೈಯಲ್ಲಿ ಮೂರು ವಿಕೆಟ್ಟು.

ಮಧ್ಯಾಹ್ನ ಮೂರೂವರೆಗೆ ನಾನು ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತೆ. ನನಗೆ ಬಿ.ಪಿ. ಏರುತ್ತದೆಂದು ಅವಳು ಟಿವಿಯ ಸೌಂಡು ಪೂರಾ ಇಳಿಸಿದಳು. ಅವಳು ಹೇಳಿದ್ದೇ ನನಗೆ ಆಟ.

"ಒಂದು ಹೋಯ್ತಕ್ಕೋ! ಬೌಲ್ಡು! ಕೋಲು ಎಗರೋಯ್ತು!"

"ಹೋಗ್ಲಿ. ಇನ್ನೂ ಎರಡವೆ."

"ಇನ್ನೊಂದೂ ಹೋಯ್ತು. ಹಾಲು ಇದ್ಯೇನಕ್ಕ ಮನೇಲಿ? ಕಾಫಿ ಬೇಕಲ್ಲ ನಂಗೆ."

"ಮುಗೀಲಿ ಇರೇ."

ಆಮೇಲೆ ಅವಳು ಮಾತಾಡಲಿಲ್ಲ. ಎಷ್ಟೋ ಹೊತ್ತು ಕಾದೆ. "ಏನಾಯ್ತೇ?" ಅಂದೆ.

"ನಿಮ್ಮೋರು... ಗೆದ್ರು ಕಣಕ್ಕ."

ದನಿ ಸಪ್ಪಗಿತ್ತು. ಬೀದಿಯಲ್ಲಿ ಸರ ಪಟಾಕಿ ಸಿಡಿಯತೊಡಗಿತು, ಆಟೋಗಳ ಹಾರನ್ನು ಬೇರೆ.

"ಪಟಾಕಿ ಯಾಕೇ?"

"ಯಾರ್ದೋ ಮದ್ವೆ ಮೆರವಣಿಗೆ ಇರ್ಬೇಕು" ಅಂದವಳೇ ಅಡುಗೆಮನೆಗೆ ಹೋದಳು. ಹಾಲಿನ ಪಾತ್ರೆ ಇಟ್ಟ ಸದ್ದು ಕೇಳಿಸಿತು.

ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋದೆ. "ಆಷಾಢದಲ್ಲಿ ಯಾವೋನೇ ಮದ್ವೆ ಮಾಡೋನು?"

ಅವಳು ಗ್ಯಾಸ್ ಆರಿಸಿದಳು. "ಡಾಕ್ಟ್ರು ಅಳ್ಬಾರ್ದು ಅಂದವ್ರಲ್ಲ ಅಕ್ಕ. ಆವತ್ತು ನೀನು ಅತ್ತಿದ್ದನ್ನ ನೋಡಿದ್ನಲ್ಲ. ಕಣ್ಣು ಹೋದ್ರೆ ಯಾರ್ ಹೊಣೆ?"

"ಆವತ್ತು ಸೋತಿದ್ದಕ್ಕೆ ಅತ್ತೆ ಅಂದ್ಕೊಂಡ್ಯಾ? ಸೋಲೋದು ನಂಗೆ ರೂಢಿ ಕಣೇ. ನಿಮ್ ಭಾವ ಚೌಕಾಬಾರದಲ್ಲಿ ಒಂದ್ ದಿನಾನೂ ಸುಳ್ಳು ಗರ ಹೇಳಿದೋರಲ್ಲ. ಪಾಪ ಅಂತ ಕಾಫಿ ಕೊಡೋದಾದ್ರೆ ಅವರ ಜಾಗದಿಂದ ಎದ್ದೋಗು, ನಾನೊಬ್ಳೇ ನೋಡ್ಕೋತೀನಿ."

ಅವಳು ನನ್ನ ರಟ್ಟೆ ಹಿಡಿದು ಕರೆತಂದು ಕುರ್ಚಿಯ ಮೇಲೆ ಕೂರಿಸಿದಳು.

"ಸೋತ್ರು ಕಣಕ್ಕ. ಇನ್ನೊಂದು ಏಟು ಹೊಡೆದಿದ್ರೆ ಮುಗೀತಿತ್ತು. ಆ ದಾಂಡಿಗ ಕಣ್ಮುಚ್ಕೊಂಡು ಬೀಸ್ದ. ಆಪರೇಷನ್ ಆಗಿರೋದು ನಿಂಗೋ ಅವ್ನಿಗೋ ಗೊತ್ತಾಗ್ಲಿಲ್ಲ."

ನಗು ಬಂತು. ನಗಬಾರದು ಅಂತ ಡಾಕ್ಟರು ಹೇಳಿರಲಿಲ್ಲ.

"ಕಾಫಿ?" ಅಂದಳು.

"ಒಲೆ ಮುಂದೆ ನಿಲ್ಲಂಗಿಲ್ಲ. ವಾರ ತಡಿ."

ಹನಿ ಹಾಕುವ ಕೆಲಸ ಸೊಸೆ ಕಲಿತಿದ್ದಳು, ಓರಗಿತ್ತಿ ಊರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಎಂಟನೇ ದಿನ ಬೆಳಿಗ್ಗೆ ನನ್ನ ಮಂಚದ ಹತ್ತಿರ ಬಂದು ನಿಂತಳು.

"ಏಳಕ್ಕ, ನಿಮ್ಮೋರು ಸೋತವ್ರೆ."

ಎದ್ದು ಮಾಡಿದೆ. ಕಾಲು ಚಾಚಿ ಕುಡಿದಳು. ಸಕ್ಕರೆ ಕಮ್ಮಿ ಅಂದಳು.