ಕಾಲುಚೀಲ, ಕೈಚೀಲ ಮತ್ತು ಹೊಟ್ಟೆಕಿಚ್ಚು

ಮದ್ರಾಸಿನಲ್ಲಿ ಕೂತು ಉಣ್ಣೆಯ ಕಾಲುಚೀಲ ಹೆಣೆಯುತ್ತೇನೆ ಎಂದರೆ ಕೇಳಿದವರು ಮೊದಲು ಕಿಟಕಿಯಾಚೆಯ ಬಿಸಿಲನ್ನು ನೋಡುತ್ತಾರೆ, ಆಮೇಲೆ ತಮ್ಮ ಕಾಲಿನ ಹವಾಯಿ ಚಪ್ಪಲಿಯನ್ನು, ಕಡೆಗೆ ತುಸು ಅನುಕಂಪದಿಂದ ನನ್ನ ಮುಖವನ್ನು. ಈ ತ್ರಿವಿಧ ನೋಟಕ್ಕೆ ನಾನು ಎಂದೋ ಒಗ್ಗಿಹೋಗಿದ್ದೇನೆ. ಅವರಿಗೆ ಹೊಳೆಯದ ಸಂಗತಿಯೆಂದರೆ ಈ ಊರಿನ ಚಳಿಯೆಲ್ಲ ಬಾಗಿಲ ಒಳಗಡೆ ಇದೆ. ಎ.ಸಿ. ಕೆಳಗೆ ಹತ್ತು ತಾಸು ನಡುಗುವ ಕಚೇರಿಯ ಹುಡುಗಿಯರು, ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ ಹಿರಿಯರು, ಬದರಿಗೆ ಹೊರಟು ನಿಂತ ಪಕ್ಕದ ಬೀದಿಯ ಭಕ್ತಾದಿಗಳು, ಇವರೆಲ್ಲರ ಪಾದಾರವಿಂದಗಳು ನನ್ನ ಕೃಪಾಶ್ರಯದಲ್ಲಿವೆ.

ಈ ವಿದ್ಯೆ ನನಗೆ ಬಂದದ್ದು ಹಿಮಾಚಲದಿಂದ. ನಮ್ಮವರು ಸಿವಿಲ್ ಎಂಜಿನಿಯರು. ಮದುವೆಯ ಹೊಸದರಲ್ಲಿ ಅಲ್ಲೊಂದು ಸುರಂಗದ ಕೆಲಸದ ಮೇಲಿದ್ದರು. ದಾವಣಗೆರೆಯ ಬಿಸಿಲಲ್ಲಿ ಬೆಳೆದ ನನ್ನನ್ನು ಕರೆದೊಯ್ದು ಆ ಮಂಜಿನಲ್ಲಿ ನೆಟ್ಟರು. ಬಾಡಿಗೆ ಮನೆಯೊಡತಿ ಮುದುಕಿ ನನ್ನ ನೀಲಿಗಟ್ಟಿದ ಕಾಲ್ಬೆರಳು ಕಂಡು ಮರುಗಿ, ಐದು ಸೂಜಿ ಕೈಗಿತ್ತು, ಭಾಷೆಯ ಹಂಗಿಲ್ಲದೆ ಬರೀ ಸನ್ನೆಯಲ್ಲೇ ಕಲಿಸಿದಳು. ಕಾಲುಚೀಲದ ಮರ್ಮವೆಲ್ಲ ಹಿಮ್ಮಡಿಯಲ್ಲಿದೆ. ಕೊಳವೆಯಂತೆ ನೆಟ್ಟಗೆ ಇಳಿದುಬರುವ ಹೆಣಿಗೆ ಅಲ್ಲಿ ಒಮ್ಮೆಗೇ ಪಾದದ ಕಡೆ ಹೊರಳಬೇಕು. ಒಂದು ಕುಣಿಕೆ ತಪ್ಪಿದರೂ ಅಲ್ಲೊಂದು ತೂತು ಬಾಯಿ ಬಿಟ್ಟು ನಿಮ್ಮ ಅಜ್ಞಾನವನ್ನು ಜಗಜ್ಜಾಹೀರು ಮಾಡುತ್ತದೆ.

ವೆಸ್ಟ್ ಮಾಂಬಲಂನ ಈ ಫ್ಲ್ಯಾಟಿಗೆ ಬಂದು ಮೂವತ್ತು ವರ್ಷವಾಯಿತು. ಇಲ್ಲಿಯವರು ಮಾರ್ಗಳಿ ಎನ್ನುವ ಧನುರ್ಮಾಸದಲ್ಲಿ, ಬಿಸಿಲೇರುವ ಮೊದಲೇ ಇಲ್ಲಿನ ಗಲ್ಲಿಗಳಲ್ಲಿ ಸುತ್ತಾಡಿ, ಹೊಸ್ತಿಲ ಮುಂದಿನ ಕೋಲಗಳನ್ನು, ಅಂದರೆ ಚುಕ್ಕಿ ರಂಗೋಲಿಗಳನ್ನು, ಗ್ರಾಫ್ ಹಾಳೆಗೆ ಇಳಿಸಿಕೊಂಡು, ಅವನ್ನೇ ಕಾಲುಚೀಲದ ಅಂಚಿಗೆ ತರುತ್ತೇನೆ. ಒಂದು ಸುತ್ತಿಗೆ ಅರವತ್ತನಾಲ್ಕು ಕುಣಿಕೆ. ಎಂಟು ಚುಕ್ಕಿಯ ಕೋಲವಾದರೆ ಎಂಟು ಸಲ ಬಂದು ಚೊಕ್ಕವಾಗಿ ಮುಗಿಯುತ್ತದೆ. ಏಳು ಚುಕ್ಕಿಯದಾದರೆ ಕೊನೆಯಲ್ಲೊಂದು ಕುಣಿಕೆ ಅನಾಥವಾಗಿ ಉಳಿಯುತ್ತದೆ. ಆ ಅನಾಥನನ್ನು ಯಾರ ಕಣ್ಣಿಗೂ ಬೀಳದಂತೆ ಅಡಗಿಸುವ ಉಪಾಯ ಹುಡುಕಲು ನನಗೆ ಇಡೀ ಒಂದು ಬೇಸಿಗೆ ಹಿಡಿಯಿತು. ಸಿಕ್ಕಿದ ದಿನ ಎದುರು ಫ್ಲ್ಯಾಟಿನ ಪದ್ಮಾ ಮಾಮಿಗೆ ಓಡಿಹೋಗಿ ತೋರಿಸಿದೆ. “ಸಾಕ್ಸಾ? ನಲ್ಲಾ ಇರುಕ್ಕು,” ಚೆನ್ನಾಗಿದೆ, ಎಂದು ಆಕೆ ಕುಕ್ಕರ್ ಆರಿಸಲು ಒಳಗೆ ಹೋದಳು. ಬಹುಕಾಲದವರೆಗೆ ನನ್ನ ಕಲಾಜೀವನಕ್ಕೆ ದಕ್ಕಿದ ಸಮಗ್ರ ವಿಮರ್ಶೆ ಅದೊಂದೇ.

ಎರಡು ವರ್ಷದ ಹಿಂದೆ, ನಿವೃತ್ತರಾಗಿ ಆರು ತಿಂಗಳಿಗೆ, ನಮ್ಮವರಿಗೆ ಪಾರ್ಶ್ವವಾಯುವಿನ ಸಣ್ಣ ಏಟು ಬಿತ್ತು. ಮಾತು ಒಂದೇ ವಾರದಲ್ಲಿ ಮರಳಿತು. ಬಲಗೈ ಮಾತ್ರ ಹಟ ಹಿಡಿಯಿತು. ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು “ಇದೇನು ಕೂಸಿನ ಆಟ” ಎಂದು ಸೋಫಾದ ಅಡಿಗೆ ಉರುಳಿಸಿಬಿಟ್ಟರು. ಕಾಫಿ ಲೋಟ ಎತ್ತಲಾರದ ಆ ಬೆರಳುಗಳಿಗೆ ನಾನೇ ದಪ್ಪನೆಯ ಸೂಜಿ ಹಿಡಿಸಿ, ಅವುಗಳ ಮೇಲೆ ನನ್ನ ಬೆರಳಿಟ್ಟು, ದಿನಕ್ಕೆರಡು ಸಾಲು ಹೆಣೆಸಿದೆ. ಬೆರಳು ಬದುಕಿಕೊಂಡವು. ಆದರೆ ಹೆಣಿಗೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಅದನ್ನು ಹೆಣಿಗೆ ಎನ್ನುವುದಕ್ಕಿಂತ ಹೆಣಗಾಟ ಎನ್ನುವುದು ನ್ಯಾಯ. ಅವರ ಮುಖ ಸಪ್ಪಗಾದದ್ದು ನೋಡಲಾರದೆ ಉಪಾಯ ಹೇಳಿಕೊಟ್ಟವಳೂ ನಾನೇ: ಅಪ್ಪಟ ಉಣ್ಣೆಯಲ್ಲಿ ಒಂದು ದೊಡ್ಡ ಚೀಲ ಹೆಣೆದು, ಬಿಸಿನೀರು ಸೋಪು ಹಾಕಿ ಚೆನ್ನಾಗಿ ತಿಕ್ಕಿದರೆ ಎಳೆಗಳು ಒಂದನ್ನೊಂದು ಕಚ್ಚಿಕೊಂಡು, ಅರ್ಧಕ್ಕೆ ಕುಗ್ಗಿ, ನಮ್ಮ ಕಡೆಯ ಕಂಬಳಿಯ ಹಾಗೆ ದಪ್ಪಗಟ್ಟುತ್ತದೆ. ಫೆಲ್ಟ್ ಎನ್ನುತ್ತಾರೆ ಅದಕ್ಕೆ. ಹಾಗಾದ ಮೇಲೆ ಕುಣಿಕೆಯೇ ಕಾಣುವುದಿಲ್ಲ, ಇನ್ನು ತಪ್ಪು ಎಲ್ಲಿ ಕಂಡೀತು? ಈ ಊರಿನ ಮೇ ತಿಂಗಳಲ್ಲಿ ನೀರು ಕಾಯಿಸುವ ಶ್ರಮವೂ ಅರ್ಧ ಕಡಿಮೆ. ನಲ್ಲಿ ತಿರುಗಿಸಿದರೆ ಮಾಳಿಗೆಯ ಟ್ಯಾಂಕು ಆಗಲೇ ಕಾಯಿಸಿಟ್ಟಿರುತ್ತದೆ.

ಮೊದಲ ಚೀಲ ಬೂದಿ ಬಣ್ಣದ್ದು, ಒಂದು ಮಗ್ಗುಲಿಗೆ ವಾಲಿತ್ತು. ಅದನ್ನು ಕಂಡು ಪದ್ಮಾ ಮಾಮಿ ಕುಕ್ಕರನ್ನು ಅದರ ಪಾಡಿಗೆ ಕೂಗಲು ಬಿಟ್ಟು ಓಡಿಬಂದಳು. “ಇದು ಸಾರ್ ಪಣ್ಣದಾ? ಅಯ್ಯೋ, ಎವ್ವಳವು ಅಳಗು!” ಎಂದು, ಸಾರ್ ಸ್ವತಃ ಮಾಡಿದ ಆ ಸೌಂದರ್ಯವನ್ನು ಮೂರು ಮಹಡಿಗೂ ಒಯ್ದು ತೋರಿಸಿದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಲ್ಲೇ ಉತ್ತರಿಸುವ ನಮ್ಮ ಮಗಳು ಸ್ವಾತಿ “ಅಪ್ಪಾ, ಸೂಪರ್ಪಾ!” ಎಂದು ಫೋಟೋ ತೆಗೆದು ಊರಿಗೆಲ್ಲ ಹಂಚಿದಳು. ಆ ವಾಲುವಿಕೆಗೆ ಯಾರೋ ‘ಮಾಡರ್ನ್ ಲುಕ್’ ಎಂದರಂತೆ. ನೋಡಿ, ಹೆಂಗಸು ಮೂವತ್ತು ವರ್ಷ ಹೆಣೆದರೆ ಅದು ಹೊತ್ತುಗಳೆಯುವುದು, ಗಂಡಸು ಮೂರು ತಿಂಗಳು ಹೆಣೆದರೆ ಅದು ಪ್ರತಿಭೆ. ಮೇಲಾಗಿ ನನ್ನದು ಕಾಲುಚೀಲ, ಅವರದು ಕೈಚೀಲ. ಕಾಲಿಗೇರಿದ್ದು ಬೂಟಿನೊಳಗೆ ಅಜ್ಞಾತವಾಸ ಮಾಡುತ್ತದೆ. ಕೈಗೇರಿದ್ದು ಮದುವೆಮನೆಗೆ ಹೋಗಿ ಹತ್ತು ಜನರೆದುರು ಮೆರೆಯುತ್ತದೆ. ಅಸೂಯೆಯೊಳಗೊಂದು ಸೂಜಿ ಅವಿತಿದೆಯೆಂದು ಯಾವ ನಿಘಂಟೂ ಹೇಳಲಿಕ್ಕಿಲ್ಲ. ನನಗೆ ಮಾತ್ರ ಅದು ದಿನವೂ ಚುಚ್ಚುತ್ತಿತ್ತು.

ಉರಿಗೆ ತುಪ್ಪ ಹೊಯ್ಯುವ ಇನ್ನೊಂದು ಗುಣ ಅವರದು. ಕಾಂಕ್ರೀಟಿನ ಮಾದರಿ ಒಡೆದು ಪರೀಕ್ಷಿಸದೆ ಒಂದು ಕಂಬವನ್ನೂ ಎಬ್ಬಿಸದಿದ್ದ ಈ ಮನುಷ್ಯ, ಅಂಗೈಯಗಲ ಹೆಣೆದು ಒಗೆದು ನೋಡಿ, ಆಮೇಲೆ ಚೀಲಕ್ಕೆ ಕೈ ಹಾಕಿ ಎಂದರೆ, “ಅದೆಲ್ಲ ನಿನ್ನಂಥೋರಿಗೆ. ನಂದು ಅಂದಾಜು,” ಎನ್ನುತ್ತಿದ್ದರು. ಆ ಅಂದಾಜು ಪ್ರತಿ ಸಲವೂ ಸರಿಹೋಗುತ್ತಿತ್ತು!

ಹೀಗಿರುವಾಗ ರೇಖಾ ಬಂದಳು. ಮೈಸೂರಿನವಳು, ಸ್ವಾತಿಯ ಗೆಳತಿ, ನುಂಗಂಬಾಕ್ಕಂನಲ್ಲಿ ಕರಕುಶಲ ವಸ್ತುಗಳ ಪುಟ್ಟ ಅಂಗಡಿ ಇಟ್ಟಿದ್ದಾಳೆ. ಎರಡು ತಿಂಗಳ ಬಳಿಕ ಒಂದು ಪ್ರದರ್ಶನ ನಡೆಸುವವಳಿದ್ದಳು. ನಾನು ಹದಿನಾರು ಜೊತೆ ಕಾಲುಚೀಲಗಳನ್ನು ದಿವಾನದ ಮೇಲೆ ವಧುಪರೀಕ್ಷೆಯ ಹೆಣ್ಣುಮಕ್ಕಳಂತೆ ಸಾಲಾಗಿ ಕೂರಿಸಿದ್ದೆ. “ತುಂಬಾ ಮುದ್ದಾಗಿವೆ ಆಂಟಿ,” ಎಂದು ಅವುಗಳ ಮೇಲೊಮ್ಮೆ ಕೈಯಾಡಿಸಿ ಅವಳು ನಮ್ಮವರ ಚೀಲಗಳತ್ತ ತಿರುಗಿದಳು. “ಅಂಕಲ್, ಬಾಗಿಲಲ್ಲೇ ತೂಗುಹಾಕೋ ಹಾಗೆ ಒಂದು ದೊಡ್ಡ ಕೆಂಪು ಬ್ಯಾಗ್ ಬೇಕು ನನಗೆ. ನೀವು ನಿಜವಾದ ಡಿಸೈನರ್ ಅಂಕಲ್!” ನಮ್ಮವರು ನಾಚಿದರು. ಅವಳು ಹೊರಡುವಾಗ ನನಗೂ ಒಂದು ಪ್ರಶಂಸೆ ಸಿಕ್ಕಿತು, ಕಾಫಿಯ ಬಗ್ಗೆ.

ಮರುದಿನ ಅವರು, “ಆ ಕೆಂಪು ಉಣ್ಣೆ ಕೊಡು,” ಎಂದಾಗ ನಾನು ಟ್ರಂಕ್ ತೆರೆದೆ. ಅದರಲ್ಲಿ ಎರಡು ಕೆಂಪುಗಳಿದ್ದವು. ಒಂದು ಅಪ್ಪಟ ಉಣ್ಣೆ. ಇನ್ನೊಂದು ಕಾಲುಚೀಲಕ್ಕೆಂದೇ ತರಿಸಿದ್ದು, ಎಷ್ಟು ಒಗೆದರೂ ಕುಗ್ಗದಂತೆ ಮೊದಲೇ ಹದ ಮಾಡಿದ್ದು. ಉಂಡೆ ಸುತ್ತಿದ ಮೇಲೆ ನೋಟಕ್ಕೆ ಎರಡೂ ಒಂದೇ. ಮುಟ್ಟಿದರೆ ನನ್ನ ಬೆರಳಿಗೆ ಗೊತ್ತಾಗುತ್ತದೆ, ಅವರ ಬೆರಳಿಗೆ ಗೊತ್ತಾಗುವುದಿಲ್ಲ. ಕೈ ತಪ್ಪಿ ಕೊಟ್ಟೆ ಎಂದು ನಿಮಗೆ ಹೇಳಬಹುದಿತ್ತು. ತಪ್ಪಿ ಕೊಡಲಿಲ್ಲ. ಎರಡನ್ನೂ ಮುಟ್ಟಿ ನೋಡಿ, ಕುಗ್ಗದ್ದನ್ನೇ ಆರಿಸಿ ಕೊಟ್ಟೆ.

ಮೂರು ವಾರ ಅವರು ಅದನ್ನು ಮೂರೆಳೆ ಸೇರಿಸಿ ಹೆಣೆದರು. ಒಂದು ಮಧ್ಯಾಹ್ನ ಊಟವಾದ ಮೇಲೆ ಬನಿಯನ್ನಿನಲ್ಲಿ ಬಚ್ಚಲಿಗೆ ಹೋಗಿ ತಿಕ್ಕತೊಡಗಿದವರು ಸಂಜೆಯ ಕಾಫಿಗೂ ಹೊರಬರಲಿಲ್ಲ. ಕುಗ್ಗಬೇಕಾದ ಚೀಲ ಹಿಗ್ಗುತ್ತ ಹೋಯಿತು. ಕಡೆಗೆ ಅದನ್ನು ಎತ್ತಿಕೊಂಡು ಬಂದಾಗ ನೀರು ಸುರಿಸುತ್ತ, ಜೋಲುತ್ತ, ನೆಲ ಗುಡಿಸುತ್ತ ಬಂದ ಆ ಕೆಂಪು ಗೋಣಿಯೊಳಗೆ ಪದ್ಮಾ ಮಾಮಿಯೇ ಆರಾಮಾಗಿ ನಿಲ್ಲಬಹುದಿತ್ತು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಸುಳ್ಳೇಕೆ ಹೇಳಲಿ, ಬ್ರಹ್ಮಾನಂದವಾಯಿತು.

ನಗು ಒರೆಸಿಕೊಂಡು ಬಂದಾಗ ಅವರು ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಬಲಗೈಯನ್ನು ತೊಡೆಯ ಮೇಲಿಟ್ಟು, ಬೆರಳುಗಳನ್ನು ಬಿಚ್ಚಿ ಮಡಿಸಿ ನೋಡಿಕೊಳ್ಳುತ್ತಿದ್ದರು.

“ನೀರು ಸರಿ ಇತ್ತು, ಸೋಪೂ ಸರಿ ಇತ್ತು,” ಎಂದರು. “ತಿಕ್ಕಾಕೆ ಕೈಗೆ ಬಲ ಸಾಲಲಿಲ್ಲ ಕಣೆ. ಮತ್ತೆ ಶುರುವಾದಂಗೆ ಕಾಣತೈತೆ.”

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ, “ಕಾಫಿ ಕೊಡ್ಲಾ?” ಎಂದು ಮುಚ್ಚಿದೆ. ಹೊಟ್ಟೆಕಿಚ್ಚುಪಟ್ಟವಳೆಂಬ ಬಿರುದು ಹೊತ್ತುಕೊಳ್ಳಲು ನನ್ನ ಮಾನ ಒಪ್ಪಲಿಲ್ಲ. ಮೂರು ದಿನ ಹೀಗೆಯೇ ಕಳೆದೆ. ಅವರು ಸೂಜಿ ಮುಟ್ಟಲಿಲ್ಲ. ಎಡಗೈಯಲ್ಲಿ ಲೋಟ ಎತ್ತತೊಡಗಿದರು. ಎಡಗೈಯಲ್ಲೇ ಶರ್ಟಿನ ಗುಂಡಿ ಹಾಕಿಕೊಳ್ಳಲು ಹೆಣಗುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ನಾಲ್ಕನೆಯ ದಿನ ಬೆಳಿಗ್ಗೆ ನನಗೆ ತಿಳಿಸದೆಯೇ ಸ್ವಾತಿಗೆ ಫೋನು ಮಾಡಿ, ನರರೋಗದ ಡಾಕ್ಟರ ಬಳಿ ಹೊತ್ತು ಗೊತ್ತುಮಾಡಿಸಿದ್ದರು.

ಆಸ್ಪತ್ರೆಯ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದೆವು. ಸುತ್ತ ಹತ್ತು ಹನ್ನೆರಡು ಜನ, ಎಲ್ಲರೂ ತಮಿಳರು. ನಮ್ಮವರು ಮೆಲ್ಲಗೆ, “ಇನ್ನೊಂದು ಸ್ಟ್ರೋಕ್ ಆಗೈತೆ ಅಂತ ಡಾಕ್ಟ್ರು ನಿನ್ನ ಒಬ್ಬಳನ್ನೇ ಕರೆದು ಹೇಳಿದ್ರೆ, ನನ್ನ ಹತ್ರ ಮುಚ್ಚಿಡಬ್ಯಾಡ,” ಎಂದರು.

ನನಗೆ ತಡೆಯಲಾಗಲಿಲ್ಲ. “ಅದು ಕುಗ್ಗದ ಉಣ್ಣೆ. ಕಾಲುಚೀಲದ್ದು. ಯಾರು ತಿಕ್ಕಿದ್ರೂ ಅದು ಗಟ್ಟಿಯಾಗಲ್ಲ. ಗೊತ್ತಿದ್ದೇ ಕೊಟ್ಟೆ.”

“ಯಾಕೆ?”

“ಹೊಟ್ಟೆಕಿಚ್ಚಿಗೆ.”

ಆ ಮಾತನ್ನು ತುಸು ಜೋರಾಗಿಯೇ ಆಡಿದೆನೆಂದು ಕಾಣುತ್ತದೆ. ಸಾಲಿನ ತುದಿಯಲ್ಲಿದ್ದವರೂ ತಿರುಗಿದರು. ಒಬ್ಬರಿಗೂ ಅರ್ಥವಾಗಲಿಲ್ಲ. ನಮ್ಮವರು ತಮ್ಮ ಬಲಗೈಯನ್ನು ಮುಖದ ಹತ್ತಿರ ತಂದು ಬೇರೆ ಯಾರದೋ ಎಂಬಂತೆ ನೋಡಿದರು.

“ಅಂದ್ರೆ ನನ್ನ ಕೈ ಸರಿ ಐತೆ ಅಂದಂಗಾತು?”

“ಐತೆ.”

ಅವರ ಕಣ್ಣು ತುಂಬಿದವು. ನನ್ನವಂತೂ ಆಗಲೇ ಹರಿಯುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ನಮಗೇನೋ ದೊಡ್ಡ ಆಪತ್ತು ಬಂದಿದೆಯೆಂದು ತಿಳಿದು, “ಕವಲೆಪಡಾದೀಂಗಮ್ಮಾ,” ಎಂದು ಸಮಾಧಾನ ಹೇಳಿ ತನ್ನ ನೀರಿನ ಬಾಟಲಿಯನ್ನು ನನ್ನ ಕೈಗಿತ್ತಳು. ಬಂದದ್ದಂತೂ ಆಯಿತೆಂದು ಒಳಗೆ ಹೋದೆವು. ಡಾಕ್ಟರು ಕೈಯನ್ನು ಎಳೆದು ಒತ್ತಿ ನೋಡಿ, ಹೋದ ಸಲಕ್ಕಿಂತ ಎಷ್ಟೋ ಬಲ ಬಂದಿದೆ, ಏನು ವ್ಯಾಯಾಮ ಮಾಡುತ್ತೀರಿ ಎಂದು ಕೇಳಿದರು. ಬಚ್ಚಲಲ್ಲಿ ನಾಲ್ಕು ತಾಸು ಉಣ್ಣೆ ತಿಕ್ಕುತ್ತಾರೆಂದು ನಾನು ಹೇಳಲಿಲ್ಲ.

ಸಿಟ್ಟು ಬಂದದ್ದು ಮನೆ ಸೇರಿದ ಮೇಲೆ. “ಉಣ್ಣೆ ಕೊಟ್ಟಿದ್ದಕ್ಕಲ್ಲ. ಮೂರು ದಿನ ನನ್ನ ನೋಡಿಕೋತ ಸುಮ್ನಿದ್ದೆಯಲ್ಲ, ಅದಕ್ಕೆ,” ಎಂದರು. ಅವರು ಆ ಗೋಣಿಯನ್ನು ತಂದು ನನ್ನ ಮಡಿಲಿಗೆ ಹಾಕಿ, “ನೀನೇ ಬಿಚ್ಚು,” ಎಂದವರು ಮಾತು ಬಿಟ್ಟರು. ಎರಡು ಸಂಜೆ ಕೂತು ಅಷ್ಟನ್ನೂ ಬಿಚ್ಚಿ ಉಂಡೆ ಸುತ್ತಿದೆ. ಎದುರು ಕುರ್ಚಿಯಲ್ಲಿ ಅವರು ಸರಿಯಾದ ಕೆಂಪಿನಲ್ಲಿ ಹೊಸದಾಗಿ ಆರಂಭಿಸಿದ್ದರು. ಎರಡನೆಯ ಸಂಜೆ, ನನ್ನ ಕಡೆ ನೋಡದೆ, “ಇದನ್ನ ಒಂದು ಸಲ ಮುಟ್ಟಿ ಹೇಳು, ಕುಗ್ಗತೈತಾ?” ಎಂದರು. ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ಪ್ರದರ್ಶನದ ದಿನ ಆ ಕೆಂಪು ಚೀಲ ಬಾಗಿಲಲ್ಲೇ ತೂಗಿತು, ದೃಷ್ಟಿ ತಾಗುವಷ್ಟು ಚೆಂದವಾಗಿ. ದೃಷ್ಟಿ ತಾಗಿಸುವವರ ಪೈಕಿ ನಾನೇ ಮೊದಲಿಗಳು. ಪಶ್ಚಾತ್ತಾಪಪಟ್ಟರೆ ಅಸೂಯೆ ಆರಿಹೋಗುತ್ತದೆಂದು ನೀವು ನಂಬಿದ್ದರೆ ದಯವಿಟ್ಟು ನಂಬಬೇಡಿ. ಜನ ನಮ್ಮವರನ್ನು ಮುತ್ತಿದ್ದರು. ನನ್ನ ಆರು ಜೊತೆ ಕಾಲುಚೀಲಗಳಿಗೂ ರೇಖಾ ನಮ್ಮವರ ಮೇಜಿನ ಮೂಲೆಯಲ್ಲೇ ಜಾಗ ಕೊಟ್ಟಿದ್ದಳು. ನಾನು ಸ್ವಲ್ಪ ದೂರದಲ್ಲಿ ಕಂಬಕ್ಕೊರಗಿ ನಿಂತಿದ್ದೆ. ಆಗ ಬೆಳ್ಳಿಗೂದಲಿನ ಒಬ್ಬಾಕೆ ಬಂದು, ಒಂದು ಕಾಲುಚೀಲ ಎತ್ತಿ, ಒಳಹೊರಗು ಮಾಡಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅಂಚಿನ ಕೋಲದ ಮೇಲೆ ಬೆರಳಾಡಿಸುತ್ತ ಕುಣಿಕೆ ಎಣಿಸತೊಡಗಿದಳು. ಬಲ್ಲವಳು! ನಾನು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಆಕೆ ತಲೆಯೆತ್ತಿ ನಮ್ಮವರನ್ನು ಕೇಳಿದಳು: “ಇದುವುಂ ನೀಂಗಳಾ ಪಣ್ಣೀಂಗ?” ಇದನ್ನೂ ನೀವೇ ಮಾಡಿದಿರಾ?

ನಮ್ಮವರು ಅವಳನ್ನು ನೋಡಿದರು, ಕಾಲುಚೀಲವನ್ನು ನೋಡಿದರು. ಇಲ್ಲ ಎನ್ನುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ “ಇಲ್ಲೆಮ್ಮಾ,” ಎಂದು ನನ್ನತ್ತ ಕೈ ತೋರಿಸಿದರು. ಆಕೆ ಬಂದು ಅರ್ಧ ತಾಸು ನನ್ನೊಡನೆ ಮಾತಾಡಿದಳು. ಎರಡು ಜೊತೆ ಒಯ್ದಳು.

ಮನೆಗೆ ನುಂಗಂಬಾಕ್ಕಂ ಸ್ಟೇಷನ್ನಿನಿಂದ ಲೋಕಲ್ ಟ್ರೇನು, ಎರಡೇ ನಿಲ್ದಾಣ. ಕೋಡಂಬಾಕ್ಕಂ ದಾಟುವವರೆಗೆ ನಮ್ಮವರು ಕಿಟಕಿಯಾಚೆಯೇ ನೋಡುತ್ತಿದ್ದರು.

“ಆಯಮ್ಮ ಕೇಳಿದಾಗ,” ಎಂದರು, “ಹೌದು ಅಂತ ಬಾಯಿಗೆ ಬಂದಿತ್ತು.”

“ಗೊತ್ತಾತು.”

“ಆರು ತಿಂಗಳಿಂದ ನೀನು ಮಾರ್ಕೆಟ್ಟಿಗೆ ಹೋದಾಗೆಲ್ಲ ಕದ್ದು ಹೆಣದು ನೋಡೀನಿ. ಒಂದೇ ಒಂದು ಕಾಲುಚೀಲ ನಿನ್ನಂಗೆ ಬರಲಿಲ್ಲ. ಎಲ್ಲಾ ಬಿಚ್ಚಿ ಹಾಕೀನಿ.” ಮತ್ತೆ ಕಿಟಕಿಯ ಕಡೆ ತಿರುಗಿ, “ನೀನು ಟೀವಿ ನೋಡಿಕೋತ, ಕೆಳಗೆ ಕಣ್ಣೂ ಹಾಯಿಸದೆ ಹೆಣೀತೀಯಲ್ಲ, ಅದನ್ನ ನೋಡಿದ್ರೆ ಮೈಯೆಲ್ಲ ಉರೀತೈತೆ ನಂಗೆ,” ಎಂದರು.

ನಮ್ಮವರು ಹೊಗಳುವ ಜಾತಿಯವರಲ್ಲ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಹೋಳಿಗೆಗೆ ‘ಅಡ್ಡಿಯಿಲ್ಲ’ ಎಂದದ್ದೇ ಅವರ ಶೃಂಗಾರದ ಪರಾಕಾಷ್ಠೆ. ನಾನು ಸೆರಗು ಸರಿಮಾಡಿಕೊಂಡು, ಆದಷ್ಟು ಸಹಜವಾಗಿ, “ಏನಂದ್ರಿ? ಟ್ರೇನ್ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ,” ಎಂದೆ.

“ಕೇಳಿಸೈತೆ ನಿಂಗೆ,” ಎಂದು ಅವರು ಬಲಗೈಯಿಂದ ಕಂಬಿ ಹಿಡಿದು ಎದ್ದು ನಿಂತರು. “ಇಳಿ. ಮಾಂಬಲಂ ಬಂತು.”